ಎಂಟನೆಯ ದೋಣಿಯ ಕಂಬ

ಆ ಭಾನುವಾರದ ದೋಣಿ ಓಟದಲ್ಲಿ ಕಾಕ ಮತ್ತು ನಾನು ಐದನೆಯವರಾಗಿ ಬಂದೆವು. ಓಡಿದ್ದು ಏಳು ದೋಣಿ. ಹಿಂದಿನ ವಾರ ನಾವು ಗೆದ್ದಿದ್ದರಿಂದ ಈ ವಾರ ನಮ್ಮ ಪಾಲಿಗೆ ಎಲ್ಲಕ್ಕಿಂತ ಹಿಂದೆ ಬಿದ್ದಿದ್ದ ದೋಣಿ ಬಂದಿತ್ತು. ಗೆದ್ದವರು ಮುಂದಿನ ವಾರ ಸೋತವರ ದೋಣಿ ಹತ್ತಬೇಕು, ಸೋತವರು ಗೆದ್ದವರ ದೋಣಿ ಹತ್ತಬೇಕು. ಇದು ಕಾಕ ಮಾಡಿದ ನಿಯಮ. ಆ ದೋಣಿಯ ಎಡಗಡೆ ಚುಕ್ಕಾಣಿ ಸಡಿಲವಾಗಿದೆ ಎಂದು ಅವರು ಮೊದಲ ಸುತ್ತಿನಲ್ಲೇ ಕಂಡುಹಿಡಿದರು. ಆಮೇಲೆ ಗೆಲ್ಲುವ ಯೋಚನೆ ಬಿಟ್ಟು, ಅದು ಯಾವ ಗಾಳಿಗೆ ಎಷ್ಟು ಅಲ್ಲಾಡುತ್ತದೆ ಎಂದು ಕೈಯಿಟ್ಟು ನೋಡುತ್ತಾ ಬಂದರು.

ದಡಕ್ಕೆ ಬಂದ ಮೇಲೆ ಕೆರೆ ಏರಿಯ ಮೇಲೆ ಕೂತು ಫ್ಲಾಸ್ಕಿನಿಂದ ಕಪ್ಪು ಚಹಾ ಬಗ್ಗಿಸಿಕೊಂಡೆವು. ಒಂದು ಲೋಟ ಕುಡಿದು ಕಾಕ ಸುಮ್ಮನೆ ಕೂರಲಿಲ್ಲ. ಜೀಪಿನಿಂದ ಒಂದು ಉದ್ದದ ಸ್ಪ್ರಿಂಕ್ಲರ್ ಪೈಪು ಇಳಿಸಿ, ಅದರ ನಡುವೆ ಬ್ರಷ್ಷಿನಿಂದ ಕೆಂಪು ಪಟ್ಟಿ ಬಳಿಯತೊಡಗಿದರು. ಅಂಗಿಯ ತೋಳಿಗೂ ಬಣ್ಣ ತಾಗಿತು.

"ನಾಳೆ ಬಾಳೂರು ಕಡೆ ಹೋಗ್ಲಿಕ್ಕುಂಟು ರೈಟ್ರೇ. ಎಂಟನೇ ದೋಣಿ ಕಟ್ಟಿದವ್ರಿಗೆ ಕಂಬ ನಿಲ್ಲಿಸಿ ತೋರಿಸ್ಬೇಕಂತೆ. ಬರ್ತೀರಾ, ಆಕಾಶ ನೋಡ್ಲಿಕ್ಕೆ?"

"ನಾಳೆ ಆಗಲ್ಲ ಕಾಕ. ಪಾರ್ಚ್‌ಮೆಂಟ್ ಕಾಫಿ ಲಾರಿ ಬರುತ್ತೆ. ಬುಧವಾರ ಇಟ್ಕೊಳ್ಳಿ, ಬರ್ತೀನಿ."

"ಬುಧವಾರದೊಳಗೆ ಅವ್ರ ಮನಸ್ಸು ತಿರುಗಿದ್ರೆ? ಏಳು ವರ್ಷ ಕಾದಿದ್ದೀನಿ ಮಾರಾಯ್ರೇ. ಅರ್ಧ ಗಂಟೆ ಕೆಲಸ. ಆಕಾಶ ನೋಡ್ಲಿಕ್ಕೆ ಅಲ್ಲೇ ಯಾರಾದ್ರೂ ಸಿಗ್ತಾರೆ ಬಿಡಿ."

ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, ಪೈಪನ್ನು ಜೀಪಿನ ಮೇಲೆ ಕಟ್ಟಿಕೊಂಡು ಹೋದರು. ಪಟ್ಟಿ ಇನ್ನೂ ಒಣಗಿರಲಿಲ್ಲ. ಅದು ಕಾಕ ಬದುಕಿದ್ದ ಕೊನೆಯ ಭಾನುವಾರ.

ಆಲ್ದೂರಿನಲ್ಲಿ ಅವರದ್ದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಬ್ಯಾರಿಗಳು, ಕರಾವಳಿ ಕಡೆಯ ಮುಸ್ಲಿಮರು. ನಮ್ಮ ಕಡೆಯ ಎಸ್ಟೇಟುಗಳಲ್ಲಿ ಅವರ ಕೈ ತಾಗದ ಮೋಟಾರು ಕಡಿಮೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು. ಎಲ್ಲರೂ ಕಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆದ್ದರಿಂದ ಅವರ ಬಾಯಲ್ಲಿ ಕೊನೆಯವರೆಗೂ 'ರೈಟ್ರೇ'.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆ ಅವರು ನಮ್ಮ ಎಸ್ಟೇಟಿನ ಕೆರೆಗೆ ಮೋಟಾರು ನೋಡಲು ಬಂದಿದ್ದರು. ನಮ್ಮ ಕೆರೆ ದೊಡ್ಡದು, ಎರಡು ಗುಡ್ಡಗಳ ನಡುವೆ ಚಾಚಿಕೊಂಡಿದೆ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಕಳಸದ ಕಡೆಯ ಕಣಿವೆಯಿಂದ ಗಾಳಿ ಏಳುತ್ತದೆ. ಕೆಲಸ ಮುಗಿದರೂ ಅವರು ಸ್ಪ್ಯಾನರ್ ಹಿಡಿದುಕೊಂಡು ನೀರನ್ನೇ ನೋಡುತ್ತಾ ನಿಂತಿದ್ದರು.

"ಈ ಗಾಳಿ ದಿನಾ ಉಂಟಾ ರೈಟ್ರೇ?"

"ಮಳೆಗಾಲ ಬಿಟ್ರೆ ದಿನಾ ಬರುತ್ತೆ ಕಾಕ. ಯಾಕೆ?"

"ಇಷ್ಟು ಗಾಳಿ ಸುಮ್ನೆ ಹೋಗ್ತಾ ಉಂಟಲ್ಲ!" ಎಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ತೂಕ ಎಷ್ಟು?" ಎಂದು ಕೇಳಿದರು.

"ಹೆಚ್ಚುಕಡಿಮೆ ಒಂದೂವರೆ ಮೂಟೆ," ಎಂದೆ ತಮಾಷೆಗೆ. ಪಾರ್ಚ್‌ಮೆಂಟ್ ಕಾಫಿಯ ಮೂಟೆ ಐವತ್ತು ಕಿಲೋ.

"ಸಾಕು, ಸಾಕು," ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ವಯಸ್ಸಿನ ಕಾಲದಲ್ಲಿ ಕಾಕ ಎಂಟು ವರ್ಷ ಗಲ್ಫಿನಲ್ಲಿದ್ದರು. ಅಲ್ಲಿ ಸಮುದ್ರದ ದಡದ ಒಂದು ಕ್ಲಬ್ಬಿನಲ್ಲಿ ಅವರ ಕೆಲಸ ಹಾಯಿದೋಣಿಗಳ ರಿಪೇರಿ. ಅವು ಒಂದೇ ಒಡಲಿನ ದೋಣಿಗಳಲ್ಲ, ಕ್ಯಾಟಮರಾನ್. ಎರಡು ತೆಳ್ಳನೆಯ ಒಡಲುಗಳನ್ನು ಅಡ್ಡ ಕಂಬಿಗಳಿಂದ ಜೋಡಿಸಿ, ನಡುವೆ ಬಲೆ ಬಿಗಿದು, ಮೇಲೊಂದು ದೊಡ್ಡ ಹಾಯಿ. ಬಲೆಯ ಮೇಲೆ ಇಬ್ಬರು ಕೂರಬೇಕು, ಒಬ್ಬರು ಚುಕ್ಕಾಣಿಗೆ, ಒಬ್ಬರು ತೂಕಕ್ಕೆ. "ಹೆಸರು ಇಂಗ್ಲಿಷಾಗಿ ಕೇಳ್ತದೆ. ಅದು ನಮ್ಮ ಕಡೆಯ ಕಟ್ಟುಮರವೇ, ಹೋಗಿ ಬಂದದ್ದು," ಎನ್ನುತ್ತಿದ್ದರು. ನಮ್ಮ ಬಾಯಲ್ಲಿ ಅದು ಜೋಡಿದೋಣಿ ಆಯಿತು. ಆ ಎಂಟು ವರ್ಷದಲ್ಲಿ ಅವರು ಒಮ್ಮೆಯೂ ಓಟದಲ್ಲಿ ದೋಣಿ ಹತ್ತಿರಲಿಲ್ಲ. ರಿಪೇರಿಯವರು ಹತ್ತುವ ಪದ್ಧತಿ ಅಲ್ಲಿರಲಿಲ್ಲವಂತೆ. ಇದನ್ನು ಅವರು ದೂರಾಗಿ ಹೇಳುತ್ತಿರಲಿಲ್ಲ, ಅಲ್ಲಿಯ ಸೆಕೆಯ ಬಗ್ಗೆ ಹೇಳುವ ದನಿಯಲ್ಲೇ ಹೇಳುತ್ತಿದ್ದರು.

ಎಸ್ಟೇಟಿನಲ್ಲಿ ಸಿಗದ ಸಾಮಾನು ದೋಣಿಗೆ ಬೇಡ ಎಂದು ಅವರು ಮೊದಲ ದಿನವೇ ತೀರ್ಮಾನಿಸಿದ್ದರು. ಒಡಲಿಗೆ ಪ್ಲೈವುಡ್ಡು. ಕಂಬಕ್ಕೆ ಗಿಡಗಳಿಗೆ ನೀರು ಹಾರಿಸುವ ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪು. ಹಾಯಿಗೆ ಕಣದಲ್ಲಿ ಕಾಫಿ ಮುಚ್ಚುವ ನೀಲಿ ಟಾರ್ಪಾಲು. ಒಂದು ಟಾರ್ಪಾಲಿಗೆ ಒಂದೇ ಹಾಯಿ, ಎಲ್ಲರದ್ದೂ ಒಂದೇ ಅಳತೆ. ಮೊದಲ ದೋಣಿ ನೀರಿಗಿಳಿದ ದಿನ ನಮ್ಮ ಆಳುಗಳು ಏರಿಯ ಮೇಲೆ ಸಾಲಾಗಿ ನಿಂತು ನಕ್ಕರು. ಕಾಫಿ ಮುಚ್ಚುವ ಟಾರ್ಪಾಲು ಕೆರೆಯ ಮೇಲೆ ಓಡಿದ್ದನ್ನು ಅವರಾಗಲಿ ನಾನಾಗಲಿ ಕಂಡಿರಲಿಲ್ಲ. ನಾನು ಲೈಫ್ ಜಾಕೆಟ್ ಹಾಕಿಕೊಂಡು, ದೇವರನ್ನು ನೆನೆದುಕೊಂಡು ಕೂತಿದ್ದೆ. ಕಾಕ ಮೊದಲು ಕಲಿಸಿದ್ದು ಓಡಿಸುವುದನ್ನಲ್ಲ. ಬೇಕೆಂದೇ ದೋಣಿ ಮಗುಚಿ, ಅದನ್ನು ಮತ್ತೆ ನೆಟ್ಟಗೆ ಮಾಡುವುದನ್ನು. ಮೂರು ಸಲ ನೀರು ಕುಡಿದೆ.

ಆದರೆ ದೋಣಿ ಓಡಿದ್ದಕ್ಕೆ ಅವರಿಗೆ ಖುಷಿಯಾದಂತೆ ಕಾಣಲಿಲ್ಲ. "ಒಂದೇ ಇದ್ರೆ ಅದು ಪಿಕ್ನಿಕ್ ರೈಟ್ರೇ," ಎಂದರು. "ಎಂಟು ಆಗ್ಲಿ. ಎಂಟು ದೋಣಿ ಒಂದು ಗೆರೆಲಿ ನಿಂತ್ರೆ ಆಗ ರೇಸು ಅನ್ನಿ."

ಎಂಟೇ ಯಾಕೆ ಎಂದು ನಾನು ಕೇಳಿದ್ದೇನೆ. ಗಲ್ಫಿನ ಆ ಕ್ಲಬ್ಬಿನಲ್ಲಿ ಶುಕ್ರವಾರ ಎಂಟು ದೋಣಿಗಳು ಹೊರಡುತ್ತಿದ್ದವು. ಅವನ್ನು ನೀರಿಗೆ ತಳ್ಳಿ ಬಿಡುವುದು ಇವರ ಕೆಲಸವಾಗಿತ್ತು.

ಅಲ್ಲಿಂದ ಮುಂದೆ ಯಾರ ಎಸ್ಟೇಟಿಗೆ ಪಂಪ್ ರಿಪೇರಿಗೆ ಹೋದರೂ ದೋಣಿಯ ಮಾತೇ. ಒಡಲು ಕೊರೆಯುವ ಅಚ್ಚುಗಳನ್ನು ಮಾಡಿಟ್ಟುಕೊಂಡಿದ್ದರು. ಕೇಳಿದವರಿಗೆ ಕೊಡುತ್ತಿದ್ದರು, ಕೇಳದವರ ಜೀಪಿನಲ್ಲಿ ಇಟ್ಟು ಬರುತ್ತಿದ್ದರು. ಎರಡನೆಯ ವರ್ಷ ಎರಡು ದೋಣಿಯಾದವು. ಆಮೇಲೆ ನಾಲ್ಕು. ಒಂದು ವರ್ಷ ಒಬ್ಬರು ಬಿಟ್ಟು ಮೂರಕ್ಕಿಳಿಯಿತು. ಆಗ ಕಾಕ ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ದೋಣಿ ಕಟ್ಟುವುದು ಸುಲಭ, ಕಟ್ಟಿದವರನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಆಗ ಗೊತ್ತಾಯಿತು. ನಾಲ್ಕು ವಾರ ಸತತವಾಗಿ ಕೊನೆಗೆ ಬಂದವರು ಐದನೆಯ ವಾರ ಬರುವುದಿಲ್ಲ. ದೋಣಿ ಅದಲುಬದಲು ಮಾಡುವ ನಿಯಮ ಹುಟ್ಟಿದ್ದು ಅಲ್ಲಿಂದ. ಆಲ್ದೂರಿನ ಹೈಸ್ಕೂಲಿನ ಗಣಿತದ ಟೀಚರ್ ಮತ್ತು ಅವರ ತಂಗಿ ಒಂದು ದೋಣಿ ಕಟ್ಟಿಸಿದ್ದರು, ಯಾವಾಗಲೂ ಅವರೇ ಕೊನೆ. ಒಂದು ದಿನ ಟೀಚರ್ ದಡದಲ್ಲಿ ಹಗ್ಗ ಬಿಸಾಕಿ, "ನಮ್ಮ ಕೈಲಾಗಲ್ಲ ಕಾಕ, ಇದನ್ನ ಯಾರಿಗಾದ್ರೂ ಕೊಟ್ಬಿಡಿ," ಎಂದರು.

"ಕೊಡೋಣ. ಮುಂದಿನ ವಾರ ನನಗೆ ಕೊಡಿ. ನೀವು ನನ್ನದು ಹತ್ತಿ," ಎಂದರು ಕಾಕ.

ಮುಂದಿನ ವಾರ ನಾವಿಬ್ಬರು ಟೀಚರ್ ದೋಣಿಯಲ್ಲಿ ಕೊನೆಗೆ ಬಂದೆವು. ಟೀಚರ್ ಎರಡನೆಯವರಾಗಿದ್ದರು. ಕಾಕ ನೀರಿನಿಂದ ಮೇಲೆ ಬಂದವರೇ, "ಟೀಚರೇ, ದಡ್ಡರು ನೀವಲ್ಲ, ನಾನು. ಈ ದೋಣಿಯ ಎರಡು ಒಡಲು ಒಂದಕ್ಕೊಂದು ನೆಟ್ಟಗಿಲ್ಲ, ಎರಡು ಬೆರಳು ಓರೆ ಉಂಟು. ಕೂರಿಸಿದ್ದು ನಾನೇ," ಎಂದು ಎಲ್ಲರೆದುರು ಹೇಳಿದರು. ಟೀಚರ್ ನಕ್ಕು, "ನಾನು ಗಣಿತದವಳಾಗಿ ಅಳತೆ ಹಿಡಿದು ನೋಡ್ಲಿಲ್ಲವಲ್ಲ, ನನಗೂ ಅರ್ಧ ಕೊಡಿ," ಎಂದರು. ಆ ವಾರವೇ ಬಿಚ್ಚಿ ಸರಿ ಮಾಡಿದರು. ಗೆದ್ದವರು ಸೋತವರ ದೋಣಿ ಹತ್ತಿದರೆ ದೋಣಿಯ ರೋಗ ಹೊರಗೆ ಬರುತ್ತದೆ, ಸೋತವರಿಗೆ ತಮ್ಮ ಕೈ ಏನೆಂದು ತಿಳಿಯುತ್ತದೆ. ಕಾಕ ಆಗಾಗ ಗೆಲ್ಲುತ್ತಿದ್ದರಿಂದ, ಅವರ ಹೆಚ್ಚಿನ ಭಾನುವಾರಗಳು ಬೇರೆಯವರ ಕೆಟ್ಟ ದೋಣಿಗಳಲ್ಲೇ ಕಳೆದವು.

ಎಲ್ಲರೂ ಇದನ್ನು ಸುಲಭವಾಗಿ ಒಪ್ಪಲಿಲ್ಲ. ನಮ್ಮ ಪಕ್ಕದ ಎಸ್ಟೇಟಿನ ಸಣ್ಣ ಗೌಡರು ಒಮ್ಮೆ ಮುಂಬಯಿಯಿಂದ ಒಂದು ರೆಡಿಮೇಡ್ ಹಾಯಿ ತರಿಸಿದರು. ಬಿಳಿಯದು, ನೋಡಲು ಚೆಂದ. ಒಂದೇ ಓಟದಲ್ಲಿ ಅರ್ಧ ಕೆರೆ ಮುಂದೆ ಹೋದರು. ನಾನು ನಿಯಮದ ಪುಸ್ತಕ ತೆಗೆಯಲು ಹೋದರೆ ಕಾಕ ಕೈಸನ್ನೆಯಲ್ಲೇ ತಡೆದರು. ಓಟ ಮುಗಿದ ಮೇಲೆ ಗೌಡರ ಪಕ್ಕ ಕೂತು, "ಹೇಗಿತ್ತು ಗೌಡ್ರೆ?" ಎಂದು ಕೇಳಿದರು.

"ಬೊಂಬಾಟಾಗಿತ್ತು ಕಾಕ!"

"ಹಿಂದೆ ತಿರುಗಿ ನೋಡಿದ್ರಾ?"

"ನೋಡ್ದೆ. ಯಾರೂ ಕಾಣ್ಲಿಲ್ಲ."

"ಹಾಂ. ಅದೇ ನಾನು ಕೇಳಿದ್ದು," ಎಂದು ಎದ್ದು ಹೋದರು.

ಗೌಡರು ಮುಂದಿನ ವಾರ ಟಾರ್ಪಾಲಿಗೆ ಮರಳಿದರು. ಬಿಳಿ ಹಾಯಿ ಬಹಳ ದಿನ ಅವರ ಬಂಗಲೆಯಲ್ಲಿ ಜೀಪಿಗೆ ನೆರಳಾಗಿತ್ತು.

ನಿಯಮದ ಪುಸ್ತಕ ಎಂದೆನಲ್ಲ, ಅದು ಒಂದು ಹಳೆಯ ಚೆಕ್‌ರೋಲ್. ಆಳುಗಳ ಹಾಜರಿ ಬರೆದು ಉಳಿದ ಹಾಳೆಗಳು. ಕಾಕ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. 'ಪ್ರತಿ ದೋಣಿಯನ್ನು ಗೋಡೌನಿನ ತೂಕದ ಮಿಷನ್ನಿನ ಮೇಲೆ ತೂಗತಕ್ಕದ್ದು. ಕಡಿಮೆ ಬಂದಲ್ಲಿ ಮರಳಿನ ಚೀಲ ಕಟ್ಟತಕ್ಕದ್ದು.' 'ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತತಕ್ಕದ್ದಲ್ಲ.' ಹೀಗೆ ಹದಿನಾಲ್ಕು. ಹದಿನಾಲ್ಕನೆಯದು ಹುಟ್ಟಿದ್ದು ಒಂದು ಅಚಾತುರ್ಯದಿಂದ. ಒಂದು ಫೆಬ್ರವರಿಯಲ್ಲಿ ಹೂ ಬರಲು ಕಾಫಿಗೆ ನೀರು ಹಾಯಿಸುವ ಕೆಲಸ ಶುರುವಾದಾಗ, ಪಂಪ್ ಮನೆಗೆ ಒರಗಿಸಿದ್ದ ದೋಣಿಯ ಕಂಬವನ್ನು ಆಳುಗಳು ಮಾಮೂಲಿ ಪೈಪೆಂದು ಎತ್ತಿಕೊಂಡು ಹೋಗಿ ಸ್ಪ್ರಿಂಕ್ಲರ್ ಲೈನಿಗೆ ಜೋಡಿಸಿದರು. ಹಾಯಿ ಕಟ್ಟಲು ಕೊರೆದಿದ್ದ ತೂತುಗಳಿಂದೆಲ್ಲ ನೀರು ಚಿಮ್ಮಿ ಮೇಸ್ತ್ರಿ ಅಡಿಯಿಂದ ಮುಡಿಯವರೆಗೆ ನೆಂದ. ಕಾಕನಿಗೆ ಹೇಳಿ ಕಳಿಸಿದರೆ, ಬಂದು ನೋಡಿ ಹೊಟ್ಟೆ ಹಿಡಿದು ನಕ್ಕರು. "ಇಲ್ಲಿ ಹೂ ಚೆನ್ನಾಗಿ ಬರ್ತದೆ ನೋಡಿ," ಎಂದರು. ಅಂದಿನಿಂದ ಪ್ರತಿ ಕಂಬಕ್ಕೂ ಕೆಂಪು ಪಟ್ಟಿ.

ಇನ್ನೊಂದು ನಿಯಮವಿತ್ತು. ಅದನ್ನು ನಾನು ಬರೆಯಲಿಲ್ಲ.

ಅಲ್ಯೂಮಿನಿಯಂ ಪೈಪನ್ನು ನೆಟ್ಟಗೆ ಎತ್ತುವಾಗ ಅದು ಕರೆಂಟಿನ ತಂತಿಗೆ ತಾಗಿ ಸತ್ತವರ ಸುದ್ದಿ ನಮ್ಮ ಎಸ್ಟೇಟುಗಳಿಗೆ ಹೊಸದಲ್ಲ. ಕಾಕನಿಗೆ ಈ ಭಯ ಬಹಳ. ಕಂಬ ಎತ್ತುವವರ ಕಣ್ಣು ಕಂಬದ ಬುಡದ ಮೇಲಿರುತ್ತದೆ, ಮೇಲೆ ನೋಡಲಾಗುವುದಿಲ್ಲ. ಆದ್ದರಿಂದ ಎತ್ತುವುದು ಒಬ್ಬರು, ದೂರ ನಿಂತು ಮೇಲೆ ನೋಡುವುದು ಇನ್ನೊಬ್ಬರು. ಎತ್ತುವ ಮೊದಲು ಕಾಕ "ಆಕಾಶ?" ಎಂದು ಕೂಗುತ್ತಿದ್ದರು. ನಾನು ಪೈಪು ಏಳುವ ದಾರಿಯನ್ನೆಲ್ಲ ಕಣ್ಣಲ್ಲೇ ಅಳೆದು, ತಂತಿ ಇಲ್ಲ ಎಂದು ಖಾತ್ರಿಯಾದ ಮೇಲೆ "ಖಾಲಿ!" ಎನ್ನಬೇಕು. ನಮ್ಮ ಕೆರೆಯ ದಡದಲ್ಲಿ ತಂತಿಯೇ ಇಲ್ಲ. ಆದರೂ ಪ್ರತಿ ಭಾನುವಾರ ಕೇಳುತ್ತಿದ್ದರು. ಹೊಸ ದೋಣಿಯ ಮೊದಲ ಕಂಬವನ್ನಂತೂ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಏಳು ದೋಣಿಗಳ ಮೊದಲ ಕಂಬವೂ ನಾವಿಬ್ಬರೇ ಎತ್ತಿದ್ದು. ಒಮ್ಮೆ ನಾನು ತಲೆ ಎತ್ತದೆಯೇ "ಖಾಲಿ" ಎಂದುಬಿಟ್ಟೆ. ಅವರು ಪೈಪು ಕೆಳಗಿಟ್ಟು ನನ್ನ ಹತ್ತಿರ ಬಂದರು. "ರೈಟ್ರೇ, ನನ್ನ ಕಣ್ಣು ನಿಮ್ಮ ಹತ್ರ ಉಂಟು," ಎಂದಷ್ಟೇ ಹೇಳಿ ಹೋಗಿ ಮತ್ತೆ ಪೈಪು ಹಿಡಿದು, ಮತ್ತೆ "ಆಕಾಶ?" ಎಂದು ಕೇಳಿದರು.

ಸೋಮವಾರ ನಮ್ಮಲ್ಲಿ ಲಾರಿ ತುಂಬುತ್ತಿತ್ತು. ಮೂಟೆಗಳ ಮೇಲೆ ನಂಬರು ಹಾಕಿಸುತ್ತಾ ನಿಂತಿದ್ದೆ. ಹನ್ನೆರಡರ ಹೊತ್ತಿಗೆ ಸಣ್ಣ ಗೌಡರ ಜೀಪು ಬಂತು. ಗೌಡರು ಇಳಿಯಲಿಲ್ಲ. "ರೈಟ್ರೇ, ಹತ್ತಿ," ಎಂದರು. ಅವರ ಮುಖ ನೋಡಿ, ಲೆಕ್ಕದ ಪುಸ್ತಕವನ್ನು ಮೇಸ್ತ್ರಿಯ ಕೈಗಿಟ್ಟು ಹತ್ತಿದೆ.

ಬಾಳೂರಿಗೆ ಹೋದಾಗ ಕಾಕನನ್ನು ಆಗಲೇ ಮೂಡಿಗೆರೆಯ ಆಸ್ಪತ್ರೆಗೆ ಸಾಗಿಸಿದ್ದರು. ಪ್ರಯೋಜನವಿರಲಿಲ್ಲ. ದೋಣಿ ಕಣದ ಒಂದು ಮೂಲೆಯಲ್ಲಿತ್ತು, ಹೊಸ ಪ್ಲೈವುಡ್ಡಿನ ವಾಸನೆ ಬರುತ್ತಿತ್ತು. ಮೇಲೆ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಗೆ ಹೋಗುವ ಕರೆಂಟಿನ ತಂತಿ. ಸಿಲ್ವರ್ ಓಕಿನ ಗೆಲ್ಲುಗಳ ನಡುವೆ ಅದು ಬೇಗ ಕಣ್ಣಿಗೆ ಬೀಳುವಂತಿರಲಿಲ್ಲ. ಬೇಗ ಬೀಳುವಂತಿರಲಿಲ್ಲ ಎಂದೆ. ಹುಡುಕಿದರೆ ಕಾಣುತ್ತಿತ್ತು. ನಾನು ಅಲ್ಲಿ ನಿಂತು ನೋಡಿದೆ, ನನಗೆ ಕಂಡಿತು.

ಮೂರನೆಯ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಬಾಗಿಲ ಆಚೆಯಿಂದ ಒಂದು ಅಂಗಿ ಮುಂದೆ ಚಾಚಿದರು. ಭಾನುವಾರ ತೊಟ್ಟಿದ್ದು.

"ಈ ಕೆಂಪು ಬಣ್ಣ ಯಾತರಲ್ಲಿ ತೊಳೆದ್ರೆ ಹೋಗ್ತದೆ ರೈಟ್ರೇ? ಬಂದ ಕೂಡ್ಲೇ ಬೈದೆ ಅವ್ರಿಗೆ, ಒಳ್ಳೆ ಅಂಗಿ ಹಾಳು ಮಾಡಿದ್ರಲ್ಲ ಅಂತ."

"ಸೀಮೆಎಣ್ಣೆಲಿ ಹೋಗುತ್ತೆ ಅಕ್ಕ."

ಅವರು ಕಲೆಯ ಮೇಲೆ ಬೆರಳಾಡಿಸಿ, "ಬೇಡ, ಇರ್ಲಿ," ಎಂದು ಅಂಗಿಯನ್ನು ಮಡಚಿಕೊಂಡರು.

ಹತ್ತು ದಿನ ಕಳೆದ ಮೇಲೆ ಬಾಳೂರಿನ ಆ ಎಸ್ಟೇಟಿನ ಮೇಸ್ತ್ರಿ ನನ್ನನ್ನು ಹುಡುಕಿಕೊಂಡು ಆಫೀಸಿಗೆ ಬಂದರು. ಐವತ್ತು ದಾಟಿದ ಮನುಷ್ಯ. ಕೂರಿ ಎಂದರೂ ಕೂರಲಿಲ್ಲ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ನೀವೇ ಅಲ್ವಾ ಯಾವಾಗ್ಲೂ ಅವ್ರ ಜೊತೆ ಇರ್ತಿದ್ದವ್ರು?"

"ಹೌದು."

"ಒಂದು ಮಾತು ಕೇಳ್ಬೇಕಿತ್ತು. ಕಾಕ ಬಂದು 'ಮೇಸ್ತ್ರಿ, ನೀನು ಆಕಾಶ ನೋಡ್ಕೋ, ನಾನು ಎತ್ತುತ್ತೇನೆ' ಅಂದ್ರು. ಆಯ್ತು ಅಂದೆ. ನಾನು ಆಚೆ ಕಡೆ ಕಾಫಿ ತಿರುವ್ತಿದ್ದೆ. ಕಣದ ತುಂಬ ಕಾಫಿ ರೈಟ್ರೇ, ಅದಕ್ಕೆ ಮುಂಚೆ ಎರಡು ದಿನ ಮೋಡ ಹಾಕಿತ್ತು. ಪೈಪ್ ಹಿಡ್ಕೊಂಡು 'ಆಕಾಶ?' ಅಂತ ಕೂಗಿದ್ರು. ತಲೆ ಎತ್ತಿ ಘಟ್ಟದ ಕಡೆ ನೋಡ್ದೆ. ಒಂದು ಚೂರು ಮೋಡ ಇರ್ಲಿಲ್ಲ. 'ಖಾಲಿ ಕಾಕ' ಅಂದೆ."

ನಾನು ಪೆನ್ನು ಕೆಳಗಿಟ್ಟೆ.

"ಆಕಾಶ ಅಂದ್ರೆ ನಮಗೆ ಮಳೆ ತಾನೆ? ಕಣದಲ್ಲಿ ನಿಂತವ್ನು ಇನ್ನೇನು ನೋಡ್ತಾನೆ? ಅದು ತಂತಿ ಅಂತ ನನಗೆ ಯಾರು ಹೇಳಿದ್ರು ರೈಟ್ರೇ? ತಂತಿ ಅಂದಿದ್ರೆ ಹೇಳ್ತಿದ್ನಲ್ಲ, ಮೂವತ್ತು ವರ್ಷದಿಂದ ಅದರ ಕೆಳಗೇ ಓಡಾಡ್ತಿದ್ದೀನಿ."

"ನಿಮ್ಮ ತಪ್ಪಲ್ಲ ಮೇಸ್ತ್ರಿ," ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯದು. ಚಹಾ ತರಿಸಿದೆ. ಕುಡಿಯದೆ ಹೋದರು.

ಅವರು ಹೋದ ಮೇಲೆ ಚೆಕ್‌ರೋಲ್ ತೆಗೆದು ನೋಡಿದೆ. ಹದಿನಾಲ್ಕು ನಿಯಮಗಳು, ಎಲ್ಲ ನನ್ನ ಕೈಬರಹ. ಟಾರ್ಪಾಲಿನ ಅಂಚು ಎಷ್ಟು ಬೆರಳು ಮಡಚಬೇಕು ಎನ್ನುವುದನ್ನೂ ಬರೆದಿದ್ದೆ. 'ಆಕಾಶ' ಇರಲಿಲ್ಲ. ಅದು ನಮ್ಮಿಬ್ಬರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಬೇರೆಯವರಿಗೆ ಅರ್ಥವಾಗದ ಮಾತು ಎಂದು ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಹದಿನೈದನೆಯದಾಗಿ ಬರೆದೆ: 'ಕಂಬ ಎತ್ತುವ ಮೊದಲು "ತಂತಿ ಇದೆಯೇ?" ಎಂದು ಕೇಳತಕ್ಕದ್ದು. ಬೇರೆ ಮಾತು ಬಳಸತಕ್ಕದ್ದಲ್ಲ.' ಬರೆದು ತಾರೀಖು ಹಾಕಲು ಹೋದೆ. ಯಾವ ತಾರೀಖು ಹಾಕಿದರೂ ತಡವಾಗಿತ್ತು.

ಆ ವರ್ಷ ಮತ್ತೆ ಯಾರೂ ನೀರಿಗಿಳಿಯಲಿಲ್ಲ. ಸ್ಪ್ರಿಂಕ್ಲರುಗಳು ಶುರುವಾಗಿ ಕೆರೆ ಇಳಿಯಿತು, ಆಮೇಲೆ ಮಳೆ ಹಿಡಿಯಿತು. ಇನ್ನು ಮುಗಿಯಿತು ಎಂದುಕೊಂಡಿದ್ದೆ. ದೀಪಾವಳಿ ಕಳೆದು ಒಂದು ಭಾನುವಾರ ಟೀಚರ್ ಮತ್ತು ತಂಗಿ ಬಂದು ತಮ್ಮ ದೋಣಿಯ ಮೇಲಿನ ಎಲೆ ಗುಡಿಸತೊಡಗಿದರು. ಮುಂದಿನ ವಾರ ಸಣ್ಣ ಗೌಡರು ಬಂದರು. ಒಬ್ಬೊಬ್ಬರಾಗಿ ಏಳು ದೋಣಿಯವರೂ ಬಂದರು. ಕೊನೆಯ ಭಾನುವಾರ ನಾವು ಹತ್ತಿದ್ದ ದೋಣಿಯ ಸಡಿಲ ಚುಕ್ಕಾಣಿಯನ್ನು ನಾನು ಬಿಗಿ ಮಾಡಿದೆ. ಅಲ್ಲಿಂದ ಆರು ವರ್ಷವಾಯಿತು, ಓಟ ನಿಂತಿಲ್ಲ. ಗೆದ್ದವರು ಈಗಲೂ ಸೋತವರ ದೋಣಿ ಹತ್ತುತ್ತಾರೆ. ಏಳರಲ್ಲಿ ಯಾವುದು ವೇಗ, ಯಾವುದು ನಿಧಾನ ಎಂದು ಈಗ ಹೇಳುವುದು ಕಷ್ಟ. ಕಾಕನಿಗೆ ಬೇಕಾಗಿದ್ದುದು ಅದೇ.

ಎಂಟನೆಯದನ್ನು ಬಾಳೂರಿನವರು, ಇದು ನಮ್ಮಲ್ಲಿ ಇರುವುದು ಬೇಡ ಎಂದು ಲಾರಿಯಲ್ಲಿ ಹಾಕಿ ನಮ್ಮಲ್ಲಿಗೆ ಕಳಿಸಿಕೊಟ್ಟರು. ಪಂಪ್ ಮನೆಯ ಪಕ್ಕದ ಶೆಡ್ಡಿನಲ್ಲಿದೆ. ತೂಕದ ಮಿಷನ್ನಿನ ಮೇಲಿಟ್ಟು ನೋಡಿದೆವು, ಉಳಿದ ಒಂದೊಂದರಷ್ಟೇ ತೂಕ ಇದೆ, ಮರಳಿನ ಚೀಲ ಬೇಕಾಗಿಲ್ಲ. ಟೀಚರ್ ಟಾರ್ಪಾಲು ಕತ್ತರಿಸಿ ಹಾಯಿ ಹೊಲಿದಿಟ್ಟಿದ್ದಾರೆ. ಗೌಡರು ಹೊಸ ಪೈಪು ಕೊಟ್ಟು, ಕೆಂಪು ಪಟ್ಟಿಯನ್ನೂ ಬಳಿಸಿದ್ದಾರೆ. ಉಳಿದ ದೋಣಿಗಳ ಕಂಬ ಎತ್ತುವಾಗ ಈಗ ಟೀಚರ್ ಮೇಲೆ ನೋಡುತ್ತಾರೆ. ಹೊಸ ದೋಣಿಯ ಮೊದಲ ಕಂಬಕ್ಕೆ ಮಾತ್ರ ನೀವೇ ನೋಡಬೇಕು ಎಂದು ಎಲ್ಲರೂ ನನಗೆ ಬಿಟ್ಟಿದ್ದಾರೆ.

ಎರಡು ಸಲ ಪ್ರಯತ್ನಿಸಿದೆವು. ಗೌಡರು ಪೈಪು ಹಿಡಿದು "ತಂತಿ ಇದೆಯಾ ರೈಟ್ರೇ?" ಎಂದು ಸರಿಯಾಗಿಯೇ ಕೇಳಿದರು. ನಾನು ಏರಿಯ ಮೇಲೆ ನಿಂತು ನೋಡಿದೆ. ತಂತಿ ಇರಲಿಲ್ಲ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮತ್ತೆ ನೋಡಿದೆ, ಮತ್ತೆ ಮತ್ತೆ ನೋಡಿದೆ. ಗೌಡರು ಬಹಳ ಹೊತ್ತು ಕಾದು ಪೈಪನ್ನು ಮೆಲ್ಲಗೆ ನೆಲಕ್ಕಿಟ್ಟರು.

ಎಂಟನೆಯ ದೋಣಿಯ ಕಂಬ ಇನ್ನೂ ಎದ್ದಿಲ್ಲ.